ಓದಿ ಸಹಿ ಹಾಕಿ

ದೊಡ್ಡಮ್ಮ ನಿಜವಾಗಿ ಯಾರಿಗೂ ದೊಡ್ಡಮ್ಮ ಅಲ್ಲ. ಒಡಹುಟ್ಟಿದವರಲ್ಲಿ ಅವಳೇ ಕೊನೆಯವಳು. ಆದರೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ಮಗ ಗುಂಡ, ಎರಡನೇ ಮಹಡಿಯ ಆಡಿಟರ ಮಗಳು ಚಿನ್ನಿ, ಇಬ್ಬರೂ ಮಾತು ಕಲಿಯುವಾಗ ಹಾಗೆ ಕರೆದರು. ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಎರಡು ಮನೆಗೂ ಸೇರಿ ಒಬ್ಬಳೇ ಆಯಾ. ಒಂದು ವಾರ ಮೇಲಿನ ಮನೆಯಲ್ಲಿ, ಒಂದು ವಾರ ಕೆಳಗಿನ ಮನೆಯಲ್ಲಿ, ಮಕ್ಕಳಿಬ್ಬರೂ ಯಾವಾಗಲೂ ಜೊತೆಗೆ, ಸಂಬಳ ಮಾತ್ರ ಅರ್ಧರ್ಧ. ಡಾಕ್ಟರಮ್ಮನ ಗಂಡ ರೈಲು ಓಡಿಸುವವರು, ಆಡಿಟರ ಹೆಂಡತಿಗೆ ಬೇರೆ ಊರಿನಲ್ಲಿ ಕೆಲಸ. ಹೀಗಾಗಿ ಬೆಳಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ಆ ಎರಡು ಪುಟ್ಟ ತರಲೆಗಳ ಅಳು, ನಗು, ಮೂಗು, ಹೊಟ್ಟೆ ಎಲ್ಲವೂ ದೊಡ್ಡಮ್ಮನ ಪಾಲು.

ಮಕ್ಕಳ ವಿಷಯದಲ್ಲಿ ಎರಡೂ ಮನೆಯವರದು ಶಿಸ್ತೋ ಶಿಸ್ತು. ಮೊದಲ ದಿನವೇ ಅವಳ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟಿದ್ದರು. ಎಷ್ಟು ಹೊತ್ತಿಗೆ ಬಂದೆ, ಯಾರು ಎಷ್ಟು ತಿಂದರು, ಯಾರು ಎಷ್ಟು ಹೊತ್ತು ಮಲಗಿದರು, ಎಷ್ಟು ಹೊತ್ತಿಗೆ ಹೊರಟೆ, ಎಲ್ಲ ಬರೆಯಬೇಕು. ಸಂಜೆ ಮಕ್ಕಳನ್ನು ಒಪ್ಪಿಸುವಾಗ ಡಾಕ್ಟರಮ್ಮ, ಆಡಿಟರು ಇಬ್ಬರೂ ಅದಕ್ಕೆ ಸಹಿ ಹಾಕಬೇಕು. ಹಾಕುತ್ತಿದ್ದರು, ಸುಳ್ಳು ಯಾಕೆ ಹೇಳಬೇಕು. ಆದರೆ ಓದುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ದೊಡ್ಡಮ್ಮ, “ಮಧ್ಯಾಹ್ನ ಇಬ್ಬರೂ ಸೇರಿ ಒಂದು ಆನೆ ತಿಂದರು, ಸೊಂಡಿಲು ಬಿಟ್ಟರು” ಎಂದು ಬರೆದಳು. ಆಡಿಟರು ಫೋನಿನಲ್ಲಿ ಮಾತಾಡುತ್ತಲೇ ಅದರ ಕೆಳಗೆ ಅಂದವಾಗಿ ಸಹಿ ಗೀಚಿದರು. ಡಾಕ್ಟರಮ್ಮನೂ ಹಾಕಿದರು. ಆವತ್ತು ದೊಡ್ಡಮ್ಮ ಮೆಟ್ಟಿಲಿಳಿಯುತ್ತ ನಕ್ಕಳು, ಬಸ್ಸಿನಲ್ಲೂ ಒಬ್ಬಳೇ ನಕ್ಕಳು.

ಆ ನಗು ನಿಂತದ್ದು ಪಿಂಚಣಿ ಕಚೇರಿಯಲ್ಲಿ. ಎಂಟು ತಿಂಗಳು ಕಳೆದರೆ ಅವಳಿಗೆ ಅರವತ್ತು. ಅಷ್ಟರೊಳಗೆ ಹತ್ತು ವರ್ಷದ ಕಂತು ಕಟ್ಟಿರಬೇಕು. ಕಟ್ಟಿದ್ದರೆ ಸಾಯುವವರೆಗೆ ಪಿಂಚಣಿ, ಇಲ್ಲದಿದ್ದರೆ ಬಿಡಿಗಾಸೂ ಇಲ್ಲ. ಬಾಗಿಲು ಹಾಕಿಹೋದ ಬಟ್ಟೆ ಕಾರ್ಖಾನೆಯ ಎಂಟು ವರ್ಷ, ಈ ಎರಡು ಮನೆಯ ಎರಡು ವರ್ಷ, ಒಟ್ಟು ಹತ್ತು. ಇದನ್ನು ಅವಳು ಬೆರಳು ಮಡಚಿ ಮಡಚಿ ಎಣಿಸಿಟ್ಟುಕೊಂಡಿದ್ದಳು. ಕಿಟಕಿಯಾಚೆ ಕೂತಿದ್ದ ಕನ್ನಡಕದ ಹುಡುಗಿ ಕಂಪ್ಯೂಟರ್ ನೋಡಿ, “ಎಂಟೇ ತೋರಿಸ್ತಿದೆಯಲ್ಲಮ್ಮ” ಎಂದಳು.

“ಸರಿಯಾಗಿ ನೋಡವ್ವ. ತಿಂಗಳು ತಿಂಗಳೂ ಎರಡೂ ಮನೆಯವರು ಸರ್ಕಾರಕ್ಕೆ ಅಂತ ಸಂಬಳದಲ್ಲಿ ಹಿಡೀತಾರೆ.”

“ಹಿಡಿದಿರಬಹುದು. ಇಲ್ಲಿಗೆ ಬಂದಿಲ್ಲ.”

ಹುಡುಗಿ ಒಳ್ಳೆಯವಳು, ನಿಧಾನವಾಗಿ ಬಿಡಿಸಿ ಹೇಳಿದಳು. ಹಳೆಯ ಬಾಕಿಯನ್ನು ದಂಡದ ಸಮೇತ ಈಗಲೂ ಕಟ್ಟಬಹುದು, ಆದರೆ ಎರಡೂ ಮನೆಯವರು ಕಟ್ಟಬೇಕು. ಒಬ್ಬರೇ ಕಟ್ಟಿದರೆ ಸಿಗುವುದು ಒಂದೇ ವರ್ಷ. ಅವರು ಒಪ್ಪದಿದ್ದರೆ ದೂರು ಕೊಡಬಹುದು. “ದಿನಾ ಬಂದ ಹೊತ್ತು, ಹೋದ ಹೊತ್ತು, ಅವರ ಸಹಿ, ಏನಾದ್ರೂ ಇದೆಯಾಮ್ಮ?” ಎಂದು ಕೇಳಿದಳು. ದೊಡ್ಡಮ್ಮ ತನ್ನ ಕೈಚೀಲದಲ್ಲಿದ್ದ ನೋಟ್‌ಬುಕ್ಕು ನೋಡಿಕೊಂಡಳು.

ಶುಕ್ರವಾರ ಸಂಜೆ ಮಕ್ಕಳು ಮೇಲಿನ ಮನೆಯಲ್ಲಿದ್ದರು. ಚಿನ್ನಿಯನ್ನು ಕರೆದೊಯ್ಯಲು ಆಡಿಟರು ಬಂದರು, ಡಾಕ್ಟರಮ್ಮ ಆಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ದೊಡ್ಡಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ.

“ನನ್ನ ಕಂತಿನ ದುಡ್ಡು ಯಾರ ಹತ್ರ ಇದೆ?”

“ಅಯ್ಯೋ, ಇವರು ಕಟ್ತಾರಲ್ಲ!” ಎಂದು ಡಾಕ್ಟರಮ್ಮ ಆಡಿಟರ ಕಡೆ ತಿರುಗಿದರು. “ಊರವರ ತೆರಿಗೆಯೆಲ್ಲ ಕಟ್ಟಿಸೋರು ನೀವು. ಇದನ್ನೂ ನೀವೇ ಕಟ್ತಿದ್ದೀರಿ ಅಂತ ನಾನು ಸುಮ್ಮನಿದ್ದೆ.”

“ನಾನಾ? ಇವರನ್ನ ಮೊದಲು ಕೆಲಸಕ್ಕೆ ಇಟ್ಕೊಂಡಿದ್ದು ನೀವು. ನೀವು ಕಟ್ತಿದ್ದೀರಿ ಅಂತ ನಾನು.”

“ಹಾಗಾದ್ರೆ ಎರಡು ವರ್ಷದಿಂದ ಹಿಡಿದಿದ್ದು?” ಎಂದಳು ದೊಡ್ಡಮ್ಮ. ಹಿಡಿದದ್ದು ಅವರವರ ಮನೆಯಲ್ಲೇ ಉಳಿದಿತ್ತೆಂದು ಇಬ್ಬರಿಗೂ ಈಗ ಹೊಳೆಯಿತು. ಗುಂಡ ಮಾತ್ರ ತನ್ನ ಲಾರಿಯನ್ನು ಸೋಫಾದ ಮೇಲೆ ಹತ್ತಿಸುತ್ತಿದ್ದ.

ಮೊದಲು ಚೇತರಿಸಿಕೊಂಡವರು ಆಡಿಟರು. ಕಸುಬೇ ಅದಲ್ಲವೇ! ದನಿಯನ್ನು ಮೆತ್ತಗೆ ಮಾಡಿಕೊಂಡು, “ನೋಡಿ ದೊಡ್ಡಮ್ಮ, ನಿಮ್ಮ ಕೆಲಸ ಅವರ ಮನೆಯಲ್ಲಿ ಅರ್ಧ, ನಮ್ಮ ಮನೆಯಲ್ಲಿ ಅರ್ಧ. ಅರ್ಧ ದಿನದ ಕೆಲಸಕ್ಕೆ ಕಂತು ಕಟ್ಟಬೇಕು ಅಂತ ಕಾನೂನೇ ಇಲ್ಲ. ಹಿಡಿದಿದ್ದನ್ನ ಪೂರ್ತಿ ವಾಪಸ್ ಕೊಟ್ಟುಬಿಡ್ತೀವಿ, ನಗದು. ನಿಮಗೂ ಒಳ್ಳೇದು, ನಮಗೂ ತಲೆನೋವಿಲ್ಲ” ಎಂದರು.

ದೊಡ್ಡಮ್ಮನಿಗೆ ಒಂದು ಗಳಿಗೆ ಆಸೆಯಾಯಿತು. ಅಷ್ಟು ದುಡ್ಡನ್ನು ಅವಳು ಒಟ್ಟಿಗೆ ಕಂಡವಳೇ ಅಲ್ಲ. ಆದರೆ ಆ ದುಡ್ಡು ಎಷ್ಟು ಜಗ್ಗಿದರೂ ಒಂದು ವರ್ಷಕ್ಕೆ ಮುಗಿಯುತ್ತದೆ, ಅವಳಿಗೋ ಅದಕ್ಕಿಂತ ಜಾಸ್ತಿ ಬದುಕುವ ಇರಾದೆಯಿತ್ತು.

“ಮೂಗಿಗೆ ತುಪ್ಪ ಸವರಬೇಡಿ ಸಾರ್. ನನಗೆ ದುಡ್ಡು ಬೇಡ, ನನ್ನ ಎರಡು ವರ್ಷ ಬೇಕು. ಅರ್ಧ ಅಂತೀರಲ್ಲ, ಯಾವುದು ಅರ್ಧ? ಚಿನ್ನಿ ಅತ್ತಾಗ ಒಂದು ಕಣ್ಣು ಒರೆಸಿ ಇನ್ನೊಂದನ್ನ ಹಾಗೇ ಬಿಟ್ಟಿದ್ನಾ? ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ನೀವು ಬರಲಿ ಅಂತ ಕಾದಿದ್ನಾ? ಎಂಟರಿಂದ ಆರೂವರೆ ತನಕ ನಿಮ್ಮ ಮಗು ಇಡೀ ನನ್ನ ಹತ್ರ ಇತ್ತು. ಅವರ ಮಗೂನೂ ಇಡೀ ಇತ್ತು.”

“ಅಯ್ಯೋ, ಇಷ್ಟೊಂದು ಕೋಪ ಯಾಕೆ? ನೀವು ಮನೆಯವರ ಹಾಗೇ ಅಲ್ವಾ?” ಎಂದರು ಆಡಿಟರು.

“ಮನೆಯವರಾಗಿದ್ರೆ ಜ್ವರ ಬಂದು ಮಲಗಿದ್ದ ನಾಲ್ಕು ದಿನದ ಸಂಬಳ ಹಿಡೀತಿದ್ರಾ?”

ದೊಡ್ಡಮ್ಮ ಇಷ್ಟು ದಿನ ಜೋಪಾನವಾಗಿಟ್ಟಿದ್ದ ಎಂಟು ನೋಟ್‌ಬುಕ್ಕುಗಳನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಳು. ಎರಡು ವರ್ಷದ ಪ್ರತಿಯೊಂದು ದಿನ, ಬಂದ ಹೊತ್ತು, ಹೋದ ಹೊತ್ತು, ಕೆಳಗೆ ಎರಡೆರಡು ಸಹಿ. ಆಡಿಟರು ಒಂದನ್ನು ಎತ್ತಿಕೊಂಡು ಪುಟ ಮಗುಚಿದರು. ಅವರ ಹಣೆಬರಹ ನೋಡಿ, ಮಗುಚಿದ ಪುಟ ಅದೇ ಆಗಬೇಕೆ!

“ಆನೆ ತಿಂದರು?” ಎಂದು ಗೆದ್ದವರ ಹಾಗೆ ತಲೆಯೆತ್ತಿದರು. “ಇಂಥದ್ದನ್ನ ದಾಖಲೆ ಅಂತ ಯಾರು ಒಪ್ತಾರೆ?”

“ನೀವು ಒಪ್ಪಿದ್ದೀರಲ್ಲ ಸಾರ್, ಕೆಳಗೆ ಸಹಿ ಯಾರದು? ಮಗು ಏನು ತಿಂತು ಅಂತಾನೂ ನೀವು ಓದಲ್ಲ ಅಂತ ನನಗೆ ಗೊತ್ತಾಗಿದ್ದೇ ಆವತ್ತು.”

ಡಾಕ್ಟರಮ್ಮ ಆ ಪುಟ ಇಸಿದುಕೊಂಡು ಓದಿದರು. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು, ಕೊನೆಗೆ ಕಣ್ಣಲ್ಲಿ ನೀರಾಡಿತು. “ತಪ್ಪಾಯ್ತು ದೊಡ್ಡಮ್ಮ. ನಮ್ಮ ಪಾಲು ನಾಳೇನೇ ಕಟ್ತೀನಿ, ದಂಡಾನೂ ಕಟ್ತೀನಿ” ಎಂದರು.

“ಇನ್ನೊಂದಿದೆ” ಎಂದಳು ದೊಡ್ಡಮ್ಮ. ಮಾತು ಹೊರಟ ಮೇಲೆ ಪೂರ್ತಿ ಹೊರಡಲಿ ಎಂದು ಅವಳ ಹಟ. “ಮುಂದಿನ ತಿಂಗಳಿಂದ ಸಂಬಳ ಅರ್ಧರ್ಧ ಬೇಡ. ಒಂದು ಮಗು ನೋಡ್ಕೊಳ್ಳೋಕೆ ಊರಲ್ಲಿ ಏನು ನಡೀತಿದೆಯೋ, ಅದನ್ನ ಮೂರು ಪಾಲು ಮಾಡಿ ಎರಡು ಪಾಲು ನೀವು, ಎರಡು ಪಾಲು ಅವರು. ಒಬ್ಬೊಬ್ಬರೇ ಆಯಾ ಇಟ್ಕೊಳ್ಳೋದಕ್ಕಿಂತ ನಿಮಗೂ ಕಡಿಮೇನೇ. ಎರಡು ಮಕ್ಕಳನ್ನ ಒಂದು ಮಗುವಿನ ಸಂಬಳಕ್ಕೆ ಇನ್ನು ನೋಡ್ಕೊಳ್ಳಲ್ಲ.”

“ಇದು ಅತಿಯಾಯ್ತು” ಎಂದರು ಆಡಿಟರು. ಮುಖ ಕೆಂಪಾಗಿತ್ತು. “ನಾನು ಬೇರೆಯವರನ್ನ ನೋಡ್ಕೋತೀನಿ.”

“ಧಾರಾಳವಾಗಿ ನೋಡ್ಕೊಳ್ಳಿ. ಸೋಮವಾರದಿಂದ ನನ್ನ ಹತ್ರ ಗುಂಡ ಒಬ್ಬನೇ. ಕಂತು ಕಟ್ಟಿದ ರಸೀದಿ ಬರೋತನಕ ಚಿನ್ನೀನ ನೋಡ್ಕೊಳ್ಳಲ್ಲ.”

ಹೇಳಿದ್ದೇನೋ ಹೇಳಿದಳು, ಆದರೆ ಚಿನ್ನಿ ಅವಳ ಕಾಲು ತಬ್ಬಿಕೊಂಡು ನಿಂತಿತ್ತು. ಹಲ್ಲಿಲ್ಲದ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ಮಗು. ದೊಡ್ಡಮ್ಮ ಬಗ್ಗಿ ಅದರ ಚಪ್ಪಲಿಗಳನ್ನು ಎರಡೂ ಕಾಲಿಗೆ ಸರಿಯಾಗಿ ಹಾಕಿ, ಅಪ್ಪನ ಕೈಗೆ ಒಪ್ಪಿಸಿದಳು. ಬಸ್ಸಿನಲ್ಲಿ ಊರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತಳು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಒಮ್ಮೆಯೂ ಬರಲಿಲ್ಲ.

ಡಾಕ್ಟರಮ್ಮ ಹೇಳಿದಂತೆ ಶನಿವಾರವೇ ಕಟ್ಟಿದರು. ಎಂಟು ಒಂಬತ್ತಾಯಿತು. ಒಂಬತ್ತು ವರ್ಷಕ್ಕೂ ಪಿಂಚಣಿ ಇಲ್ಲ, ಸೊನ್ನೆಗೂ ಇಲ್ಲ.

ಆ ವಾರ ಆಡಿಟರು ಪಟ್ಟ ಪಾಡು ಅಷ್ಟಿಷ್ಟಲ್ಲ. ವಿಚಾರಿಸಿದ ಆಯಾಗಳೆಲ್ಲ ಒಂದು ಮಗುವಿಗೆ ಪೂರ್ತಿ ಸಂಬಳ ಕೇಳಿದರು. ಅದರಲ್ಲಿ ಇಬ್ಬರು “ಕಂತು ಯಾರು ಕಟ್ತಾರೆ?” ಎಂದು ಮೊದಲೇ ಕೇಳಿದರು, ಮೆಟ್ಟಿಲ ಮೇಲೆ ದೊಡ್ಡಮ್ಮನ ಜೊತೆ ಮಾತಾಡಿಕೊಂಡೇ ಬಂದವರು ಅವರು. ಬೇರೆ ದಾರಿ ಕಾಣದೆ ಆಡಿಟರು ಚಿನ್ನಿಯನ್ನು ಆಫೀಸಿಗೇ ಕರೆದೊಯ್ದರು. ಅದು ರಬ್ಬರ್ ಸ್ಟಾಂಪು ಹಿಡಿದು ಒಂದು ಕಂಪನಿಯ ಇಡೀ ಫೈಲಿಗೆ, ಬಂದು ಕೂತಿದ್ದ ಗಿರಾಕಿಯ ಬಿಳಿ ಅಂಗಿಗೆ, ತನ್ನ ಹೊಟ್ಟೆಗೆ, ಎಲ್ಲಕ್ಕೂ ಮುದ್ರೆ ಒತ್ತಿತು. ಮಧ್ಯಾಹ್ನ ಆದರೆ ಮಲಗಲು ದೊಡ್ಡಮ್ಮ ಬೇಕೆಂದು ರಂಪ. ಇದನ್ನೆಲ್ಲ ಡಾಕ್ಟರಮ್ಮ ಬಂದು ಹೇಳುವಾಗ ದೊಡ್ಡಮ್ಮನಿಗೆ ನಗುವೂ ಬಂತು, ಮಗುವನ್ನು ನೆನೆದು ಕರುಳೂ ಚುರ್ ಎಂದಿತು.

ಮರು ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಮೇಲಿನ ಮನೆಯ ಬೆಲ್ಲು ಬಡಿಯಿತು. ಬಾಗಿಲು ತೆಗೆದರೆ ಆಡಿಟರು. ಒಂದು ಕೈಯಲ್ಲಿ ಚಿನ್ನಿ, ಇನ್ನೊಂದರಲ್ಲಿ ಎರಡು ಹಾಳೆ. ಒಂದು ಕಂತು ಕಟ್ಟಿದ ರಸೀದಿ, ಇನ್ನೊಂದು ಹೊಸ ಸಂಬಳದ ಒಪ್ಪಂದ. ಚಿನ್ನಿ ಜಾರಿ ಇಳಿದು ದೊಡ್ಡಮ್ಮನ ಸೀರೆಯೊಳಗೆ ಮುಖ ಹುದುಗಿಸಿತು. ದೊಡ್ಡಮ್ಮ ಒಂದು ಕೈ ಮಗುವಿನ ತಲೆಯ ಮೇಲಿಟ್ಟು ಇನ್ನೊಂದರಲ್ಲಿ ಹಾಳೆ ಇಸಿದುಕೊಂಡಳು. ಬಾಗಿಲಲ್ಲೇ ನಿಂತು ಕನ್ನಡಕ ಏರಿಸಿ ರಸೀದಿಯನ್ನು ಮೊದಲ ಸಾಲಿನಿಂದ ಓದತೊಡಗಿದಳು. ತನ್ನ ಹೆಸರು ಸರಿಯಿತ್ತು. ಮೊದಲ ವರ್ಷ ಇತ್ತು, ಎರಡನೆಯದೂ ಇತ್ತು. ಹತ್ತು ಎಂದು ಮನಸ್ಸಿನಲ್ಲೇ ಎಣಿಸಿಕೊಂಡಳು. ಆಮೇಲೆ ಒಪ್ಪಂದದ ಹಾಳೆ ಮೇಲಕ್ಕೆ ತೆಗೆದುಕೊಂಡು ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು.

ಆಡಿಟರು ಗಡಿಯಾರ ನೋಡಿದರು, ಕಾಲು ಬದಲಿಸಿದರು. “ಎಲ್ಲಾ ಸರಿಯಾಗಿದೆ ದೊಡ್ಡಮ್ಮ. ಕೆಳಗಡೆ ಒಂದು ಸಹಿ ಹಾಕಿಬಿಡಿ, ನನಗೆ ತಡವಾಗ್ತಿದೆ.”

ದೊಡ್ಡಮ್ಮ ಪುಟದಿಂದ ಕಣ್ಣೆತ್ತಲಿಲ್ಲ.

“ನಿಲ್ಲಿ ಸಾರ್. ಓದದೆ ಸಹಿ ಹಾಕೋ ಅಭ್ಯಾಸ ನನಗಿಲ್ಲ.”