ಹಗೇವಿನ ಸರ್ಪ

ಗೋಡೆಗೆ ಸುಣ್ಣ ಬಳಿದಾಗಿತ್ತು, ಪಡಸಾಲೆ ಸಾರಿಸಿಯಾಗಿತ್ತು. ಅಪ್ಪನ ಅವ್ವ, ಅಂದರೆ ಆಯಿ, ಬಿಟ್ಟುಹೋದ ಕಲ್ಯಾಣಿ ಊರಿನ ಈ ಮನೆ ಇಂದು ಮಾರಾಟವಾದರೆ, ಹುಮನಾಬಾದಿನಲ್ಲಿ ಅಪ್ಪ ಮಾತಾಡಿಟ್ಟ ಮನೆ ತಮ್ಮದಾಗುತ್ತಿತ್ತು. ಅದಕ್ಕೊಂದು ಮಾಳಿಗೆ, ಮಾಳಿಗೆಗೆ ಮಾಣಿಕನಗರದ ಹಾದಿ ಕಾಣುವ ಕಿಟಕಿ! ಆಯಿ ತೀರಿಕೊಂಡ ಮೇಲೆ ಅದೇ ಊರಲ್ಲಿ ಅಪ್ಪನ ಅಂಗಡಿಯ ಹಿಂದಿನ ಒಂಟಿ ಕೋಣೆ ಸೇರಿದ್ದ ಯಶೋದಾ, ಮನಸ್ಸಿನಲ್ಲಿ ಆಗಲೇ ಆ ಕಿಟಕಿಯಲ್ಲಿ ಕೂತುಬಿಟ್ಟಿದ್ದಳು. ಆದರೆ ಆ ಮನೆಯವರು ಕೊಟ್ಟ ಗಡುವು ನಾಳೆಗೆ ಮುಗಿಯುತ್ತಿತ್ತು. ಕಲ್ಯಾಣಿಯ ಓಣಿಯವರೊಬ್ಬರೂ ಈ ಮನೆ ಕೇಳಿರಲಿಲ್ಲ. ಯಾಕೆಂದು ಅಪ್ಪ ವೈಜನಾಥನಿಗೆ ಬಗೆಹರಿದಿರಲಿಲ್ಲ.

ಕೊನೆಗೆ ರಾಜೇಶ್ವರದಿಂದ ಅಸ್ಗರಿ ಬೀಬಿ ಮಗ ಹಬೀಬನನ್ನು ಕರೆದುಕೊಂಡು ಬಂದಳು. ತೊಲೆ ತಟ್ಟಿದಳು, ಬಾವಿಯೊಳಗೆ ಇಣುಕಿದಳು, ತಲೆದೂಗಿದಳು. ಯಶೋದಾಳಿಗೆ ಹಿಗ್ಗು ತಡೆಯಲಾಗಲಿಲ್ಲ.

"ಖಾಲಾ, ನೀವು ನಿಂತ ಕಲ್ಲಿನ ಕೆಳಗ ಹಗೇವು ಅದರಿ."

ಕಾಳು ತುಂಬಿಡುವ ನೆಲಗುಂಡಿ ಯಾರಿಗೆ ಬೇಡ? "ಛಲೋ ಆತಲ್ಲ!" ಎಂದಳು ಅಸ್ಗರಿ.

"ಅದರಾಗ ಏಳು ಹೆಡಿ ಸರ್ಪ ಅದರಿ! ಹೆಡಿಗೊಂದು ಮಾಣಿಕ. ನಮ್ಮ ಆಯಿ ಹೇಳ್ಯಾಳ."

ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಇದೆಯೆಂದು ಯಶೋದಾಳಿಗೆ ಅನಿಸಿರಲಿಲ್ಲ. ಅಸ್ಗರಿ ಒಂದೇ ಜಿಗಿತಕ್ಕೆ ಹೊಸ್ತಿಲಾಚೆ ಇದ್ದಳು.

"ಯಾ ಅಲ್ಲಾ! ನಡಿ ಹಬೀಬ. ಹಾವಿನ ಮನಿ ನಂಗ ಬ್ಯಾಡ."

"ನಿನ್ನ ಬಾಯಿಗಿ ಮೊದಲ ಸುಣ್ಣ ಹಚ್ಚಬೇಕಾಗಿತ್ತು!" ಅಪ್ಪ ಹಣೆ ಬಡಿದುಕೊಂಡ.

ಹುಮನಾಬಾದಿನ ಕಿಟಕಿ ಕಣ್ಣೆದುರೇ ಮುಚ್ಚಿಕೊಳ್ಳುತ್ತಿತ್ತು. ಯಶೋದಾ ಓಡಿ ಬಾಗಿಲಿಗೆ ಅಡ್ಡ ನಿಂತಳು. "ಈಗ ತೆಗೆದು ತೋರಸ್ತೀವಿ ಖಾಲಾ. ಸರ್ಪ ಇಲ್ದಿದ್ರ ಮನಿ ತಗೋರಿ."

"ಇದ್ರ?"

"ಇದ್ರ ಮಾಣಿಕ ನಿಮಗ!"

ಹಬೀಬ ನಗುತ್ತಲೇ ಹಾರೆ ಹಾಕಿ ಕಲ್ಲು ಮೀಟಿದ. ಹುಳಿ ಘಾಟು ಮುಖಕ್ಕೆ ಹೊಡೆಯಿತು. ಇಳಿಯಹೊರಟವನ ತೋಳು ಹಿಡಿದು ಅಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟ. "ಮೊದಲ ದೀಪ ಇಳೀಬೇಕು. ಅದು ಆರಿದ್ರ ಮನುಷ್ಯಾನೂ ಆರ್ತಾನ." ದೀಪ ಆರಿತು. ಕೆಟ್ಟ ಗಾಳಿ ಹೋಗಲೆಂದು ಕಾದರು. ಅಸ್ಗರಿ ಹೊರಗೇ ಕೂತು ಚಹಾ ಕುಡಿದಳು. ಯಶೋದಾ ಕೈಯಲ್ಲಿ ಹಿಡಿದ ಚಹಾ ಆರಿಹೋಯಿತು.

ಮಧ್ಯಾಹ್ನ ಮತ್ತೆ ಇಳಿಸಿದ ಕಂದೀಲು ಉರಿಯಿತು. ತಳದಲ್ಲೆಲ್ಲ ಮಿಣಮಿಣ!

"ಮಾಣಿಕ!" ಚೀರಿದಳು ಯಶೋದಾ.

ಹಬೀಬ ಇಳಿದ. ಒಳಗಿಂದ ದೊಡ್ಡ ನಗು ಬಂತು, ಆಮೇಲೆ ಒಂದು ಬುಟ್ಟಿ ಬಂತು. ಬುಟ್ಟಿ ತುಂಬ ಬಿಳಿಜೋಳ.

"ಅವ್ವ ನನಗೂ ಹೇಳಿಲ್ಲ!" ಅಪ್ಪ ಬುಟ್ಟಿಯ ಪಕ್ಕ ಕೂತ.

ಯಶೋದಾಳಿಗೆ ನಿಜಾಮರ ಕಾಲದ ಆ ದಿನ ನೆನಪಾಯಿತು. ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳ ಎತ್ತಲು ಬಂದವರನ್ನು ಆಯಿ ಇದೇ ಕಲ್ಲಿನ ಮೇಲೆ ಕೂಡಿಸಿ, ನೀರು ಕೊಟ್ಟು, ಓಣಿಗೆಲ್ಲ ಕೇಳುವಂತೆ ಸರ್ಪದ ಕಥೆ ಹೇಳಿದ್ದಳು. ಅವರು ನೀರು ಕುಡಿಯದೆ ಹೋಗಿದ್ದರು. ಅಂದಿನಿಂದ ಓಣಿಯವರೂ ಈ ಹೊಸ್ತಿಲು ತುಳಿದಿರಲಿಲ್ಲ. ಅವಳದನ್ನು ಹೇಳಿದಾಗ ಅಸ್ಗರಿ ಹೊಟ್ಟೆ ಹಿಡಿದು ನಕ್ಕಳು, ಒಳಗೆ ಬಂದು ಬುಟ್ಟಿಗೆ ಕೈಹಾಕಿ ಕಾಳು ಮೂಸಿದಳು.

"ಮನಿ ನಂದು, ಭಾಯಿ. ಜೋಳ ನಿಮ್ಮದು, ಹೊಸಾ ಮನ್ಯಾಗ ಮೊದಲ ರೊಟ್ಟಿ ಇದರದ ಬಡೀರಿ." ಆಮೇಲೆ ಯಶೋದಾಳ ಕಿವಿ ಹತ್ತಿರ ಬಾಗಿದಳು. "ಬೇಟಿ, ಸರ್ಪ ಇಲ್ಲಂತ ಓಣ್ಯಾಗ ಹೇಳಬ್ಯಾಡ. ನಾನೂ ಕಾಳು ತುಂಬಾಕಿ."

"ಹೇಳಂಗಿಲ್ರಿ. ಆದ್ರ ಹೆಡಿ ಏಳು, ಖಾಲಾ. ಒಂದೂ ಕಡಿಮಿ ಮಾಡಬ್ಯಾಡ್ರಿ."