ಆರು ಗಂಟೆಯ ಲೋಟ

"ಲೋಟ ಎಲ್ಲಪ್ಪಾ?" ನೀರಿನ ಸಾಲಿನ ಮುಂದೆ ನಿಂತಿದ್ದ ಇಸ್ತ್ರಿಯವನು ಕೇಳಿದ. "ಆರು ಹೊಡೆದು ಹತ್ತು ನಿಮಿಷ ಆಯ್ತು."

ನೀರುಗಂಟಿ ಪಂಪ್‌ಮನೆಯ ಬಾಗಿಲಿಗೆ ಅಡ್ಡ ನಿಂತ. ಕೈಯಲ್ಲಿ ಲೋಟ ಇರಲಿಲ್ಲ, ಅವತ್ತಿನ ಪೇಪರಿತ್ತು. "ಇವತ್ತು ನೀರು ಬಿಡಲ್ಲ. ಟ್ಯಾಂಕಿಗೆ ಚರಂಡಿ ನೀರು ಸೇರಿದೆ. ಕೆಳಬೀದಿಯಲ್ಲಿ ಇಬ್ಬರು ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿದ್ದಾರೆ. ನೋಡಿ, ಮೊದಲನೇ ಪುಟದಲ್ಲೇ ಹಾಕಿದ್ದಾರೆ."

ಪೇಪರು ಅಂದದ್ದೇ ತಡ, ಹಿಂದಿನಿಂದ ನಗು ಬಂತು. ಒಬ್ಬರೂ ಕೊಡ ಎತ್ತಿಕೊಂಡು ಹೊರಡಲಿಲ್ಲ.

ಅವರದಾದರೂ ಏನು ತಪ್ಪು? ಮೂರು ತಿಂಗಳ ಹಿಂದೆ, ಟ್ಯಾಂಕಿಗೆ ಯಾರೋ ವಿಷ ಬೆರೆಸಿದ್ದಾರೆ ಅಂತ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂದಿತ್ತು. ಯಾವ ಊರಿನ ಟ್ಯಾಂಕೋ ಏನೋ. ಇದೇ ಪೇಪರು ವಿಚಾರಿಸುವ ಗೋಜಿಗೂ ಹೋಗದೆ ಅದನ್ನು ದಪ್ಪಕ್ಷರದಲ್ಲಿ ಹಾಕಿತು. ನಾಲ್ಕು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ, ಹಾಗೇನೂ ಇಲ್ಲ ಅಂದಿತು. ಅಷ್ಟರಲ್ಲಿ ಜನ ನೀರು ಮುಟ್ಟುವುದನ್ನೇ ಬಿಟ್ಟಿದ್ದರು. ಪೇಪರೂ ಬೇಡ, ನೀರಿನ ಆಫೀಸಿನವರ ಚೀಟಿಯೂ ಬೇಡ, ನೀನು ನಮ್ಮ ಕಣ್ಣೆದುರು ಕುಡಿ, ಆಮೇಲೆ ಹಿಡೀತೀವಿ ಅಂತ ನೀರುಗಂಟಿಗೆ ಅಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅವನು ಒಳಗಿನಿಂದ ತುಂಬಿದ ಲೋಟ ತಂದು, ಎಲ್ಲರೆದುರು ಗಟಗಟ ಕುಡಿದು, ಆಮೇಲೆ ವಾಲ್ವ್ ತಿರುಗಿಸುತ್ತಿದ್ದ.

"ವಿಷ ಇಲ್ಲದಾಗ ಇದೆ ಅಂದರು. ಈಗ ಚರಂಡಿ ಅಂತಾರೆ. ಸುದ್ದಿ ಪಕ್ಕದಲ್ಲೇ ಕ್ಯಾನ್ ನೀರಿನ ಜಾಹೀರಾತು ಬೇರೆ," ಅಂದ ಇಸ್ತ್ರಿಯವನು. "ನಾವೇನು ಕಿವಿಗೆ ಹೂ ಇಟ್ಕೊಂಡಿದ್ದೀವಾ? ನಿನ್ನೆ ನೀನೇ ಕುಡಿದ್ಯಲ್ಲ, ಗುಂಡುಕಲ್ಲಿನ ಹಾಗೆ ನಿಂತಿದ್ದೀಯ."

ನೀರುಗಂಟಿ ಕತ್ತೆತ್ತಿ ನೋಡಿದ. ಸಾಲಿನ ನಡುವೆ ಅವನ ಅಕ್ಕ ಸೊಂಟಕ್ಕೆ ಕೊಡ ಇಟ್ಟುಕೊಂಡು ನಿಂತಿದ್ದಳು. ಅಮ್ಮ ಹೋದ ಮೇಲೆ ಅವನಿಗೆ ತುತ್ತು ತಿನ್ನಿಸಿ ಸಾಕಿದವಳು ಅವಳೇ. ಅವಳ ಮನೆಯಲ್ಲೀಗ ಬಾಣಂತಿ ಮಗಳು, ಇಪ್ಪತ್ತು ದಿನದ ಕೂಸು. ನಿಜ ಹೇಳಿದರೆ ಇದ್ದ ಮಾನವೂ ಹೋಗುತ್ತದೆ. ಹೋಗಲಿ ಅಂದುಕೊಂಡು ಅವನು ಒಳಗಿನಿಂದ ಒಂದು ಸ್ಟೀಲ್ ಬಾಟಲಿ ತಂದ.

"ನಾನು ಇಷ್ಟು ದಿನ ಕುಡಿದಿದ್ದು ಇದನ್ನ. ಮನೇಲಿ ಕುದಿಸಿ ತರ್ತಿದ್ದೆ. ಟ್ಯಾಂಕಿನ ನೀರು ಒಂದು ದಿನಾನೂ ಬಾಯಿಗೆ ಹಾಕಿಲ್ಲ. ವಿಷ ಅಂದಾಗ ನನಗೂ ಭಯ ಆಗಿತ್ತು. ಮುಟ್ಟಿ ನೋಡಿ, ಇನ್ನೂ ಬೆಚ್ಚಗಿದೆ."

ಇಸ್ತ್ರಿಯವನು ಬಾಟಲಿ ಇಸಕೊಂಡು ಮುಟ್ಟಿ ನೋಡಿದ, ಮುಚ್ಚಳ ತೆಗೆದು ಮೂಸಿದ. "ಇವತ್ತು ಬಿಸಿನೀರು ತಂದಿದ್ದೀಯ, ಸರಿ. ನಿನ್ನೆಗೆ ಏನು ಸಾಕ್ಷಿ? ಯಾರು ಹೇಳಿಕೊಟ್ರು ಇದನ್ನ?"

"ಅಕ್ಕಾ, ನೀನಾದ್ರೂ ನನ್ನ ನಂಬು."

"ನಿನ್ನ ನಂಬದೆ ಇನ್ಯಾರನ್ನ ನಂಬ್ಲೋ?" ಅಕ್ಕ ಸಾಲು ಬಿಟ್ಟು ಮುಂದೆ ಬಂದಳು. ಜನರ ಕಡೆ ತಿರುಗಿ, "ನನ್ನ ತಮ್ಮ ಮೋಸ ಮಾಡೋನಲ್ಲ. ಯಾರೋ ಹೆದರಿಸಿ ಹೀಗೆ ಹೇಳಿಸ್ತಿದ್ದಾರೆ. ಮೂರು ತಿಂಗಳು ಕುಡಿದು ಅವನಿಗಾಗದ್ದು ನಮಗೇನಾಗುತ್ತೆ?" ಅಂದಳು.

ವಾಲ್ವ್ ಮುಚ್ಚಿದ್ದರೂ ಪೈಪಿನಲ್ಲಿ ನಿನ್ನೆಯ ನೀರು ಉಳಿದಿತ್ತು. ಅವಳು ಪಂಪ್‌ಮನೆ ಮುಂದಿನ ಕಟ್ಟೆಯ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದಳು. ಅವನು ಓಡಿ ಹೋಗಿ ಕೈ ಹಿಡಿಯುವಷ್ಟರಲ್ಲಿ ಕುಡಿದಾಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಅವಳು ಪಂಪ್‌ಮನೆಯ ಮೆಟ್ಟಿಲ ಮೇಲೆ ಕೂತಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಾ ನಿಂತರು.

"ಈಗಲೇ ಗೊತ್ತಾಗಲ್ಲ, ಒಂದೆರಡು ದಿನ ಹಿಡಿಯುತ್ತೆ ಅಂತ ಆಸ್ಪತ್ರೆ ನರ್ಸಮ್ಮ ಹೇಳಿದ್ದಾರೆ," ಅಂತ ಅವನು ಬಡಕೊಂಡ. ಐದು ನಿಮಿಷವಾಯಿತು. ಅಕ್ಕ ನಕ್ಕಳು. ನಾಲ್ಕು ಜನ ಅವನನ್ನು ಪಕ್ಕಕ್ಕೆ ನೂಕಿದರು. ಇಸ್ತ್ರಿಯವನು ಒಳಗೆ ಹೋಗಿ ವಾಲ್ವ್ ತಿರುಗಿಸಿದ.

ಮೊದಲ ಕೊಡ ಅಕ್ಕನಿಗೇ ಬಿಟ್ಟುಕೊಟ್ಟರು. ಕೊಡ ತುಂಬಿದ ಮೇಲೆ ಅವಳು ಇಸ್ತ್ರಿಯವನು ಕಟ್ಟೆಯ ಮೇಲಿಟ್ಟಿದ್ದ ಬಾಟಲಿಯನ್ನು ಎತ್ತಿಕೊಂಡು, ಒಳಗಿದ್ದುದನ್ನು ನೆಲಕ್ಕೆ ಸುರಿದಳು. ನಲ್ಲಿಗೆ ಹಿಡಿದು ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ ತಮ್ಮನ ಕೈಗಿಟ್ಟಳು.

"ಬೆಳಿಗ್ಗೆಯಿಂದ ಗಂಟಲು ಒಣಗಿಸ್ಕೊಂಡು ನಿಂತಿದ್ದೀಯ. ಕುಡಿಯೋ," ಅಂದು ಕೊಡ ಎತ್ತಿಕೊಂಡು ಮನೆ ಕಡೆ ನಡೆದಳು.

ಬಾಟಲಿ ಅವನ ಕೈಯಲ್ಲಿ ತಣ್ಣಗಿತ್ತು.