ಪೋನಿಯ ರಕ್ತ ಹೊರಗೆ ಹೋಗಿ ಬರುವಾಗ

ಚಕ್ರ ತಿರುಗುತ್ತಿದೆ, ಅಂಗೈಯಗಲದ ಚಕ್ರ, ಕೆಂಪು ಕೊಳವೆಯನ್ನು ಒತ್ತಿ ಒತ್ತಿ ಬಿಡುತ್ತ, ಎಷ್ಟು ಮೆತ್ತಗಿನ ಸದ್ದು, ಯಾರೋ ಚಾಪೆಯ ಮೇಲೆ ಕಾಲೆಳೆದು ನಡೆದ ಹಾಗೆ — ಅದರೊಳಗೆ ಹರಿಯುತ್ತಿರುವುದು ಪೋನಿಯ ರಕ್ತ, ನನ್ನ ಗಂಡನ ರಕ್ತ, ಅವನ ಕುತ್ತಿಗೆಯಿಂದ ಹೊರಟು ಯಂತ್ರದೊಳಗೆ ತೊಳೆಸಿಕೊಂಡು ಮತ್ತೆ ಕುತ್ತಿಗೆಗೇ ಹೋಗುತ್ತದೆ, ನಿನ್ನೆ ಸಿಸ್ಟರ್ ಲೋಸನಾ ಹೇಳಿದಳು, ಬೇಕಾದ್ರೆ ಕೊಳವೆ ಮುಟ್ಟಿ ನೋಡು ಸೇನಾ, ಏನೂ ಆಗಲ್ಲ, ನಾನು ಮುಟ್ಟಿದೆ, ಅವನ ಕೈ ತಣ್ಣಗಿತ್ತು ಕೊಳವೆ ಬೆಚ್ಚಗಿತ್ತು, ಆಮೇಲೆ ನಾನು ಕೈ ಹಿಡಿಯುವುದನ್ನು ಬಿಟ್ಟು ಕೊಳವೆಯನ್ನೇ ಹಿಡಿದುಕೊಂಡು ಕೂತೆ, ನಗಬೇಡಿ ಸಿಸ್ಟರ್ ಅಂದೆ, ಅವಳು ನಗಲಿಲ್ಲ. ಮಂಚದ ಕೆಳಗೆ ಒಂದು ಚೀಲ ನೇತಾಡುತ್ತಿದೆ, ಅದು ಖಾಲಿ, ಉಚ್ಚೆಯ ಚೀಲ, ಬೆಳಿಗ್ಗೆಯೂ ಬಗ್ಗಿ ನೋಡಿದೆ, ತಳದಲ್ಲಿ ಚಹಾ ಬಣ್ಣದ ಒಂದು ಗೆರೆ, ಅಷ್ಟೆ. ಮದುವೆಯಾದ ಹೊಸದರಲ್ಲಿ ಅವನು ಮನೆಯ ಹಿಂದೆ ನಿಂತು ಹಾಡು ಹೇಳಿಕೊಂಡು ಉಚ್ಚೆ ಹೊಯ್ಯುವಾಗ ನನಗೆ ನಾಚಿಕೆಯಾಗಿ ಪಾತ್ರೆ ಕುಕ್ಕಿ ಸದ್ದು ಮಾಡುತ್ತಿದ್ದೆ, ಈಗ ಆಸ್ಪತ್ರೆಯ ಪ್ರಾರ್ಥನೆ ಕೋಣೆಯಲ್ಲಿ ಮೊಣಕಾಲೂರಿ ಕೇಳುವುದು ಅದನ್ನೇ, ತಂದೆಯೇ ಅವನಿಗೆ ಉಚ್ಚೆ ಬರಲಿ, ಪಕ್ಕದಲ್ಲಿದ್ದ ಗಂಡಸು ತಿರುಗಿ ನೋಡಿದ, ನಾನು ಗಟ್ಟಿಯಾಗಿಯೇ ಅಂದುಬಿಟ್ಟಿದ್ದೆನೋ ಏನೋ, ನೋಡಿದರೆ ನೋಡಲಿ.

ಆವತ್ತು ಊರಲ್ಲಿ ಹೊಳೆ ಉಕ್ಕಿ ಕೆಸುವಿನ ಗದ್ದೆಗೆ ನುಗ್ಗಿತ್ತು, ಬೇಡ ಅಂದೆ, ಅವನು ಕೇಳುತ್ತಾನೆಯೇ, ಗೆಡ್ಡೆ ಕೊಳೆತುಹೋದ್ರೆ ಏನು ತಿಂತೀಯ, ನಿನ್ನ ತವರಿನ ಕಡಲ ಮೀನಾ ಅಂತ ಛೇಡಿಸಿ ಸೊಂಟದ ತನಕ ಕೆಸರು ನೀರಲ್ಲಿ ಇಳಿದ, ಹಿಮ್ಮಡಿಯಲ್ಲಿ ಬಿರುಕು ಇತ್ತು, ಬಿರುಕಿಲ್ಲದ ಹಿಮ್ಮಡಿ ನಮ್ಮ ಕಡೆ ಯಾರಿಗಿದೆ. ಆ ನೀರಲ್ಲಿ ಇಲಿಯ ಉಚ್ಚೆ ಇತ್ತು ಅಂತ ಈಗ ಡಾಕ್ಟರ್ ಹೇಳುತ್ತಾರೆ, ಇಲಿಯ ಉಚ್ಚೆ ಒಳಗೆ ಹೋಗಿ ಮನುಷ್ಯನ ಉಚ್ಚೆ ನಿಂತಿತು, ಇದನ್ನು ಪೋನಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾನೆ, ಹೇಳಬೇಕು, ಎದ್ದರೆ ಹೇಳಬೇಕು. ಮೊದಲು ಜ್ವರ, ಆಮೇಲೆ ಮೀನಖಂಡ ಮುಟ್ಟಿದರೆ ಚೀರುತ್ತಿದ್ದ, ಕಣ್ಣು ಕೆಂಪು, ಅವನ ಅಣ್ಣ ಇಸಿಕೇಲಿ ಭಾವ ಜಗಲಿಯಲ್ಲಿ ಯಂಗೋನಾ ಬೇರಿನ ಪುಡಿಯನ್ನು ನೀರಿಗೆ ಕಲಸುತ್ತ ಕೂತಲ್ಲಿಂದಲೇ ಅಂದರು, ಮಳೆಜ್ವರ ಕಣೇ, ಎರಡು ಬಟ್ಟಲು ಕುಡಿದು ಮಲಗಿದ್ರೆ ಹೋಗತ್ತೆ, ನಿಮ್ಮ ದ್ವೀಪದವರಿಗೆ ಎಲ್ಲಕ್ಕೂ ಗಾಬರಿ. ಎಲ್ಲರೂ ನಕ್ಕರು, ಪೋನಿಯೂ ನಗಲು ನೋಡಿದ. ಮಾರನೆಯ ದಿನ ಕೆಂಪಿನ ಮೇಲೆ ಹಳದಿ ಹತ್ತಿತು, ಕಣ್ಣು ಅರಿಶಿನ ಮೆತ್ತಿದ ಹಾಗೆ, ನಾನು ಯಾರನ್ನೂ ಕೇಳಲಿಲ್ಲ, ಮರಗೆಣಸಿನ ಮೂಟೆ ಹೇರಿಕೊಂಡು ಹೊರಟಿದ್ದ ಲಾರಿಗೆ ಅಡ್ಡ ನಿಂತು ಅವನನ್ನು ಮೂಟೆಗಳ ಮೇಲೆ ಮಲಗಿಸಿದೆ, ಸುವಾ ಪಟ್ಟಣದ ದೊಡ್ಡಾಸ್ಪತ್ರೆ ತಲುಪುವ ತನಕ ಅವನ ತಲೆ ನನ್ನ ತೊಡೆಯ ಮೇಲೆ, ನಾವು ದಾಟಿ ಬಂದ ಮೇಲೆ ಸೇತುವೆ ಕೊಚ್ಚಿಕೊಂಡು ಹೋಯಿತಂತೆ. ಹೋಗಲಿ ಬಿಡು, ನಾವು ದಾಟಿದ್ದೆವು.

ಡಾಕ್ಟರ್ ಪ್ರಣೀಲ್ ಚಿಕ್ಕ ವಯಸ್ಸಿನವರು, ಮಾತಾಡುವಾಗ ನನ್ನೆದುರು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತರು, ನಾನು ಚಾಪೆಯ ಮೇಲಿದ್ದೆನಲ್ಲ, ಅದಕ್ಕೆ. ಸೋಂಕು ರಕ್ತಕ್ಕೆ ಇಳಿದಿದೆ ಅಮ್ಮ, ಬಿಪಿ ನಿಲ್ತಾ ಇಲ್ಲ, ಶ್ವಾಸಕೋಶಕ್ಕೂ ತಗುಲಿದೆ, ಉಸಿರಿಗೆ ಕೊಳವೆ ಹಾಕಿದೀವಿ, ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಸತ್ತುಹೋದವಾ ಅಂದೆ. ಸತ್ತಿಲ್ಲ ಅನ್ಸತ್ತೆ, ಮೂರ್ಛೆ ಹೋಗಿವೆ ಅಂದ್ಕೊಳ್ಳಿ, ಎಚ್ಚರ ಆಗೋ ತನಕ ಆ ಕೆಲಸ ಯಂತ್ರ ಮಾಡ್ಬೇಕು, ಎಚ್ಚರ ಆಗೇ ಆಗತ್ತೆ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ, ನಿಮ್ಮ ಒಪ್ಪಿಗೆ ಬೇಕು. ನಾನು ಭಾವನಿಗೆ ಫೋನ್ ಮಾಡಿದೆ, ಮನೆಯ ಹಿರಿಯರು, ಮಾಡದಿದ್ದರೆ ಹೇಗೆ. ಏ ಮೀನಿನ ನಾಡಿನವಳೇ, ಮಿಷಿನ್ನಿಗೆ ಮಾತ್ರ ಕಟ್ಬೇಡ ಅವನನ್ನ, ನಮ್ಮ ಲಿತಿಯಾ ಅತ್ತೆ ಹಾಗೇ ಹೋದಳು, ಅದನ್ನ ಹತ್ತಿದೋರು ಯಾರೂ ಇಳಿದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಭಾವ, ಇದು ಬೇರೆ ಅಂತಾರೆ. ನೀನ್ಯಾವಾಗ ಡಾಕ್ಟ್ರಾದೆ, ದಾರಿ ಬಿಡ್ಲಿ, ನಾವು ನಾಲ್ಕು ಜನ ಬಂದು ಕೂತು ಮಾತಾಡ್ತೀವಿ, ಅಲ್ಲೀವರೆಗೂ ತಡಿ. ನಾನು ಫೋನನ್ನು ಎದೆಗೆ ಒತ್ತಿಕೊಂಡು ಡಾಕ್ಟರನ್ನು ನೋಡಿದೆ, ಅವರು ತಲೆ ಅಲ್ಲಾಡಿಸಿದರು, ಸಂಜೆ ತನಕವೂ ತಡೆಯೋ ಹಾಗಿಲ್ಲ ಅಮ್ಮ, ರಕ್ತದಲ್ಲಿ ಉಪ್ಪು ಏರ್ತಾ ಇದೆ, ಹೃದಯ ಯಾವಾಗ ಬೇಕಾದ್ರೂ ನಿಲ್ಲತ್ತೆ. ಕಾರಿಡಾರಿನಲ್ಲಿ ಯಾರೋ ಮೀನು ಹುರಿದು ತಂದಿದ್ದರು, ಆ ವಾಸನೆಗೆ ನಮ್ಮ ಕಂದಾವು ದ್ವೀಪದ ದಂಡೆ, ಅಮ್ಮ, ಎಲ್ಲ ಒಮ್ಮೆಲೇ ಬಂತು, ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು, ಅಮ್ಮ ಇಲ್ಲ, ಹಾಕಿ ಅಂದೆ, ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ, ಹಾಕಿ ಡಾಕ್ಟ್ರೇ. ಫೋನು ಕಿವಿಗಿಟ್ಟೆ, ಭಾವ ಕೇಳಿಸಿಕೊಂಡಿದ್ದರು. ಹಂಗಾದ್ರೆ ಅವನು ಬದುಕಿದ್ರೂ ನಿಂದೇ ಸತ್ರೂ ನಿಂದೇ ಅಂದು ಇಟ್ಟರು. ಆಮೇಲೆ ಫೋನಿಲ್ಲ. ಮಕ್ಕಳಿಲ್ಲದ ಸೊಸೆ, ಹೊರಗಿನವಳು, ಅವನು ಹೋದರೆ ಆ ಊರಲ್ಲಿ ನನ್ನದು ಅಂತ ಏನಿದೆ, ಒಂದು ಚಾಪೆ ಸುತ್ತಿಕೊಂಡು ದೋಣಿ ಹತ್ತುವುದು — ಥೂ, ಅವನು ಹೀಗೆ ಮಲಗಿರುವಾಗ ನಾನು ಚಾಪೆಯ ಲೆಕ್ಕ ಹಾಕುತ್ತಿದ್ದೇನೆ.

ಈ ಕಾರಿಡಾರು ಒಂದು ಊರಿದ್ದ ಹಾಗೆ, ಒಬ್ಬ ರೋಗಿಗೆ ಹತ್ತು ಜನ, ದಿಂಬು, ಪಾತ್ರೆ, ಬೈಬಲ್ಲು, ಸಂಜೆಗೆ ಮೂರು ದನಿಯಲ್ಲಿ ಹಾಡುತ್ತಾರೆ, ಎಳೆ ಎಳೆಯಾಗಿ ಎಷ್ಟು ಚೆಂದ, ನಾನು ಗೋಡೆ ಕಡೆ ತಿರುಗಿ ಮಲಗುತ್ತೇನೆ. ಪಕ್ಕದ ಚಾಪೆಯ ಮುದುಕಿ, ಮೊಮ್ಮಗಳನ್ನು ಆಸ್ಪತ್ರೆಗೆ ಸೇರಿಸಿ ಕೂತವಳು, ಎಲೆಯಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ಕೊಟ್ಟಳು, ತೆಂಗಿನ ಹಾಲು ಸುರಿದದ್ದು, ತಿನ್ನು ಮಗಳೇ, ನಿನ್ನವರು ಯಾರೂ ಬರ್ಲಿಲ್ವಾ. ದಾರಿ ಕಟ್ಟಿದೆ ಅಜ್ಜಿ, ಬೆಟ್ಟದ ಕಡೆ ಸೇತುವೆ ಹೋಗಿದೆ. ಅವಳು ಗೆಡ್ಡೆ ಮುರಿಯುತ್ತ, ಕೆಟ್ಟ ಮನಸ್ಸಿಂದಲ್ಲ, ಪಾಪ, ಸುಮ್ಮನೆ ಅಂದಳು, ಹೌದಾ, ರಿಪೇರಿ ಆಗಿ ಆವಾಗಲೇ ಬಸ್ಸು ಓಡಾಡ್ತಿದ್ಯಂತಲ್ಲ, ನಮ್ಮ ಅಳಿಯ ಆ ಕಡೆಯಿಂದಲೇ ಬಂದ. ಗೆಡ್ಡೆ ಬಿಸಿಯಿತ್ತು, ಬೆರಳು ಸುಡುತ್ತಿತ್ತು, ನಾನು ಕೆಳಗಿಡಲಿಲ್ಲ. ಹೌದಾ ಅಜ್ಜಿ ಅಂದೆ, ಗೊತ್ತಿರಲಿಲ್ಲ, ಹಾಗಾದ್ರೆ ಬರ್ತಾರೆ, ಇವತ್ತು ಬಂದ್ರೂ ಬರಬಹುದು. ಅವಳು ಇನ್ನೊಂದು ಚೂರು ನನ್ನ ಎಲೆಗೆ ಹಾಕಿದಳು.

ಸೇನಾ, ಏ ಸೇನಾ, ಬಾ ಇಲ್ಲಿ, ಸಿಸ್ಟರ್ ಲೋಸನಾ ಬಾಗಿಲಲ್ಲಿ ನಿಂತು ಕೈಬೀಸಿ ಕರೆದಾಗ ಮುಗಿಯಿತು ಅಂದುಕೊಂಡೆ, ಅವಳು ನನ್ನ ತಲೆ ಹಿಡಿದು ಮಂಚದ ಕೆಳಗೆ ಬಗ್ಗಿಸಿದಳು, ನೋಡೇ, ಚೀಲದಲ್ಲಿ ಬೆರಳಗಲ ನೀರು, ಹಳದಿ, ಕೊಳವೆಯಲ್ಲಿ ಇನ್ನೊಂದು ಹನಿ ಇಳಿಯುತ್ತಿದೆ, ನಾನು ನೆಲದ ಮೇಲೇ ಕೂತುಬಿಟ್ಟೆ, ಅತ್ತೆನೋ ನಕ್ಕೆನೋ, ಡಾಕ್ಟರ್ ಪ್ರಣೀಲ್ ಬಂದು ತಾವೂ ಬಗ್ಗಿ ನೋಡಿದರು, ಎದ್ದಿವೆ ಅಮ್ಮ, ಮೂರ್ಛೆಯಿಂದ ಎದ್ದಿವೆ, ಇನ್ನು ನೋಡ್ತಿರಿ, ಬಕೆಟ್ಟುಗಟ್ಟಲೆ ಬರತ್ತೆ. ಬಂತು, ಚೀಲ ತುಂಬಿ ತುಂಬಿ ಬಂತು, ಯಂತ್ರವನ್ನು ತಳ್ಳಿಕೊಂಡು ಹೋದರು, ಚಕ್ರ ನಿಂತಿತ್ತು, ಯಾರಿಗಾದರೂ ಹೇಳಬೇಕು, ಯಾರಿಗೆ, ಭಾವನ ನಂಬರ್ ಒತ್ತಿದೆ, ಫೋನು ಬಡಿಯಿತು, ಬಡಿಯಿತು, ಬಡಿದು ನಿಂತಿತು, ಹೋಗಿ ಮುದುಕಿಗೆ ಹೇಳಿದೆ, ನನ್ನ ಗಂಡ ಉಚ್ಚೆ ಹೊಯ್ದ ಅಜ್ಜಿ, ಅವಳು ಎದ್ದು ನನ್ನನ್ನು ತಬ್ಬಿಕೊಂಡಳು, ಹೊಗೆಯ ವಾಸನೆ, ಎಣ್ಣೆಯ ವಾಸನೆ, ನನ್ನವಳಲ್ಲ, ಆದರೂ.

ಇವತ್ತು ಉಸಿರಿನ ಕೊಳವೆ ತೆಗೆದಿದ್ದಾರೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹೊದಿಕೆಯ ಮೇಲೆ ಬಿದ್ದಿದೆ, ತುಟಿ ಒಡೆದಿದೆ, ಹತ್ತಿಯಲ್ಲಿ ನೀರು ಅದ್ದಿ ಒತ್ತುತ್ತಿದ್ದೇನೆ, ಇಲಿಯ ವಿಷಯ ಹೇಳೋಣ ಅಂತ ಬಾಯಿ ತೆರೆಯುತ್ತೇನೆ, ಕಣ್ಣು ಬಿಟ್ಟ, ನನ್ನ ಪೋನಿ ಕಣ್ಣು ಬಿಟ್ಟ, ನನ್ನ ಮುಖದ ಮೇಲೆ ಒಂದು ಚೂರು ನಿಂತು, ಗುರುತು ಸಿಕ್ಕಿತು, ಸಿಕ್ಕೇ ಸಿಕ್ಕಿತು, ಆಮೇಲೆ ಆ ಕಣ್ಣು ನನ್ನ ಹೆಗಲು ದಾಟಿ ಹಿಂದೆ ಹೋಯಿತು, ದನಿ ಇಲ್ಲ, ಗಾಳಿ ಅಷ್ಟೇ, ತುಟಿಗೆ ಕಿವಿ ಇಟ್ಟೆ, ಅಣ್ಣ, ಅಣ್ಣ ಬಂದನಾ. ದಾರಿ ಕಟ್ಟಿದೆ ಪೋನಿ, ಸೇತುವೆ ಹೋಗಿದೆ, ಬಿಟ್ಟ ಕೂಡಲೇ ಬರ್ತಾರೆ, ದಿನಾ ಫೋನು ಮಾಡ್ತಾರೆ, ದಿನಾ — ತಲೆಯಾಡಿಸಿದ, ನಂಬಿದ, ಕಣ್ಣು ಮುಚ್ಚಲಿಲ್ಲ, ನಾನು ಹತ್ತಿ ಅದ್ದಿದೆ, ಹಿಂಡಿದೆ, ಮತ್ತೆ ಅದ್ದಿದೆ, ಅವನ ಕಣ್ಣು ಬಾಗಿಲ ಮೇಲೆ, ಅಂಚಿನಲ್ಲಿ ಹಳದಿ ಬಿಟ್ಟು ಬಿಳಿ ಆಗುತ್ತಿರುವ ಕಣ್ಣು, ಬಾಗಿಲ ಮೇಲೆ.